ಆಗುಂಬೆ ಘಾಟಿ ಹತ್ತುವ ಮುಂಚೆ ಸೀತಾನದಿ ಕಣಿವೆ ನೋಡಿ: ಜೋಮ್ಲು, ಸೋಮೇಶ್ವರ, ಕೂಡ್ಲು ತೀರ್ಥ

ಉಡುಪಿಯಿಂದ ಆಗುಂಬೆಗೆ ಹೊರಟವರಿಗೆ ಹೆಬ್ರಿ ಅಂದರೆ ಚಹಾ ಕುಡಿಯುವ ಊರು. ಗಾಡಿ ನಿಲ್ಲಿಸಿ, ಬಿಸಿ ಗೋಳಿಬಜೆ ತಿಂದು, ಸೂರ್ಯಾಸ್ತ ತಪ್ಪಬಾರದು ಅಂತ ಗಡಿಬಿಡಿಯಲ್ಲಿ ಘಾಟಿ ಹತ್ತಿಬಿಡುತ್ತಾರೆ. ನನ್ನ ಮಟ್ಟಿಗೆ ನಿಜವಾಗಿ ನೋಡಬೇಕಾದ್ದು ಇರುವುದೇ ಘಾಟಿಯ ಕೆಳಗೆ, ಸೀತಾನದಿಯ ಕಣಿವೆಯಲ್ಲಿ. ಹೋದ ನವೆಂಬರ್‌ನಲ್ಲಿ ನಾವು ಮನೆಯವರೆಲ್ಲ ಮಕ್ಕಳನ್ನು ಕಟ್ಟಿಕೊಂಡು, ಘಾಟಿ ಹತ್ತದೆ ಬರೀ ಹೊಳೆಯ ಜೊತೆಗೇ ಸುತ್ತಾಡಿ ಬಂದೆವು. ಅದೇ ದಾರಿ ಹಿಡಿಯುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಯಾವಾಗ ಹೋಗಬೇಕು ಅನ್ನೋದು. ದಸರಾ ಕಳೆದ ಮೇಲಿಂದ ಜನವರಿ ತನಕ ಒಳ್ಳೆಯ ಸಮಯ. ಮಳೆ ಬಿಟ್ಟಿರುತ್ತದೆ, ಹೊಳೆಯಲ್ಲಿ ನೀರು ಚೆನ್ನಾಗಿರುತ್ತದೆ, ನೀರು ತಿಳಿಯಾಗಿಯೂ ಇರುತ್ತದೆ. ಮಾರ್ಚ್ ಹೊತ್ತಿಗೆ ಜಲಪಾತ ಸಣ್ಣದಾಗುತ್ತದೆ, ಸೆಕೆಯೂ ಜಾಸ್ತಿ. ಜುಲೈ, ಆಗಸ್ಟ್‌ನಲ್ಲಿ ಹೋಗೋಣ ಅಂತ ತುಂಬಾ ಜನ ಕೇಳುತ್ತಾರೆ, ಫೋಟೋದಲ್ಲಿ ಆಗಲೇ ಅಲ್ವಾ ಚಂದ ಕಾಣೋದು. ಆದರೆ ಜೋರು ಮಳೆಗಾಲದಲ್ಲಿ ಅರಣ್ಯ ಇಲಾಖೆ ಜಲಪಾತಗಳಿಗೆ ಪ್ರವೇಶ ನಿಲ್ಲಿಸುತ್ತದೆ, ಅದಕ್ಕೆ ಕಾರಣವೂ ಇದೆ. 2023ರ ಜುಲೈಯಲ್ಲಿ ಇದೇ ಜಿಲ್ಲೆಯ ಕೊಲ್ಲೂರು ಹತ್ತಿರದ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ. ಆ ವಿಡಿಯೋ ನೋಡಿದವರಿಗೆ ಬೇರೆ ಏನೂ ಹೇಳಬೇಕಾಗಿಲ್ಲ.

ಈ ಹೊಳೆಯ ಗುಣವನ್ನು ಸ್ವಲ್ಪ ತಿಳಿದುಕೊಂಡೇ ಇಳಿಯಬೇಕು. ಸೀತಾನದಿ ಹುಟ್ಟುವುದು ಆಗುಂಬೆ ಕಡೆಯ ನರಸಿಂಹ ಪರ್ವತದ ಹತ್ತಿರ. ಬರ್ಕಣದಲ್ಲಿ ಕಣಿವೆಗೆ ಧುಮುಕಿ, ಹೆಬ್ರಿ, ಬಾರ್ಕೂರು ಕಡೆ ಹರಿದು, ಕೋಡಿ ಬೆಂಗ್ರೆಯಲ್ಲಿ ಸ್ವರ್ಣಾ ನದಿಯ ಜೊತೆ ಸಮುದ್ರ ಸೇರುತ್ತದೆ. ದೂರ ಕಮ್ಮಿ, ಇಳಿಜಾರು ಜಾಸ್ತಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ಅಷ್ಟು ನೀರು ಕಡಿದಾದ ಗುಡ್ಡದಿಂದ ಒಮ್ಮೆಲೇ ಇಳಿಯುವುದರಿಂದ, ನೀವು ಕೆಳಗೆ ಬಿಸಿಲಲ್ಲಿ ಕೂತಿರುವಾಗಲೇ ಹೊಳೆ ಏರಿಬಿಡಬಹುದು. ಅಕ್ಟೋಬರ್‌ನ ಸಂಜೆ ಗುಡುಗು ಮಳೆಗೂ ಹೀಗಾಗುತ್ತದೆ. ತಿಳಿ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಗಿ ಕದಡಿದರೆ, ತರಗೆಲೆ, ಕಡ್ಡಿಗಳು ರಾಶಿ ರಾಶಿ ತೇಲಿ ಬರತೊಡಗಿದರೆ, ಅಥವಾ ನೀರಿನ ಸದ್ದು ಬದಲಾದರೆ ಚಪ್ಪಲಿ, ಬ್ಯಾಗು ಅಂತ ನೋಡದೆ ಎದ್ದು ಮೇಲೆ ಬನ್ನಿ. ಮಕ್ಕಳಿಗೂ ಇದನ್ನು ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ.

ದಾರಿ ಸುಲಭ. ಉಡುಪಿಯಿಂದ ಮಣಿಪಾಲ, ಹಿರಿಯಡ್ಕ, ಪೆರ್ಡೂರು ಮೂಲಕ ರಾಷ್ಟ್ರೀಯ ಹೆದ್ದಾರಿ 169ಎ ಹಿಡಿದರೆ ಹೆಬ್ರಿ ಸುಮಾರು 32 ಕಿ.ಮೀ. ಮಂಗಳೂರಿನವರು ಮೂಡುಬಿದಿರೆ, ಕಾರ್ಕಳ ಮೇಲೆ ಬಂದರೆ ಸರಿ. ಹೆಬ್ರಿ ತನಕ ಬಸ್ಸು ಧಾರಾಳ ಇದೆ. ಆದರೆ ಅಲ್ಲಿಂದ ಮುಂದೆ ಕೂಡ್ಲುಗೆ ಸ್ವಂತ ಗಾಡಿ ಅಥವಾ ಹೆಬ್ರಿಯ ರಿಕ್ಷಾ, ಜೀಪೇ ಗತಿ. ಪೆಟ್ರೋಲು, ನಗದು ಹಣ, ಮದ್ದು ಎಲ್ಲ ಹೆಬ್ರಿಯಲ್ಲೇ ಮುಗಿಸಿಕೊಳ್ಳಿ. ಮುಂದೆ ನಮಗೆ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇರಲಿಲ್ಲ, ಆದ್ದರಿಂದ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಜೋಮ್ಲು ತೀರ್ಥ ಹೆಬ್ರಿಗಿಂತ ಮೊದಲೇ ಸಿಗುತ್ತದೆ, ಹೆದ್ದಾರಿಯಿಂದ ಒಳಗೆ ತಿರುಗಬೇಕು. ಇದು ಎತ್ತರದ ಜಲಪಾತ ಅಲ್ಲ. ಅಗಲವಾದ ಪಾದೆಕಲ್ಲಿನ ಮೇಲೆ ಹೊಳೆ ಹರಡಿಕೊಂಡು, ಬಂಡೆಗಳ ಸಂದಿಯಲ್ಲಿ ನುಗ್ಗಿ ಕೆಳಗೆ ಬೀಳುತ್ತದೆ. ದಡದಲ್ಲಿ ತುಳುನಾಡಿನ ದೈವ ಬೊಬ್ಬರ್ಯನ ಗುಡಿ ಇದೆ. ನೋಡಲು ಶಾಂತವಾಗಿದೆ ಅಂತ ನೀರಿಗೆ ಇಳಿಯಬೇಡಿ. ನೀರು ಕೊರೆದ ಕಲ್ಲಿನ ಅಂಚುಗಳು ಚೂಪಾಗಿವೆ, ಬಂಡೆಗಳ ನಡುವೆ ಗುಂಡಿಗಳಿವೆ, ಮೇಲಿಂದ ಆಳ ಗೊತ್ತಾಗುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ ಬಂಡೆಯ ಮೇಲೆ ಕೂತು ತಿಂಡಿ ತಿನ್ನಲು ಇದಕ್ಕಿಂತ ಚಂದದ ಜಾಗ ನನಗೆ ಗೊತ್ತಿಲ್ಲ. ಮನೆಯಿಂದ ಬನ್ಸ್ ಮಾಡಿ ತಂದಿದ್ದೆವು, ಪೊಟ್ಟಣದ ಕಾಗದವನ್ನು ವಾಪಸ್ ಕಾರಿಗೆ ಹಾಕಿಕೊಂಡೆವು. ಕಲ್ಲಿನ ಸಂದಿಯಲ್ಲಿ ಬಾಟಲಿ ಚೂರುಗಳು ಬಿದ್ದಿದ್ದವು, ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗ ಅದು. ಕುಡಿದು ಬಾಟಲಿ ಒಡೆದು ಹೋಗುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಹೆಬ್ರಿ ದಾಟಿದ ಮೇಲೆ ರಸ್ತೆ ಕಾಡಿನೊಳಗೇ ಹೋಗುತ್ತದೆ. ಇದು 1974ರಲ್ಲಿ ಘೋಷಣೆಯಾದ ಸೋಮೇಶ್ವರ ವನ್ಯಜೀವಿ ಅಭಯಾರಣ್ಯ. ಇಲ್ಲಿನ ವಿಶೇಷ ಸಿಂಗಳೀಕ, ಕರಿ ಮೈ, ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಇವು ಹೆಚ್ಚಾಗಿ ಮರದ ಮೇಲ್ತುದಿಯಲ್ಲೇ ಬದುಕುತ್ತವೆ, ರಸ್ತೆ ಬದಿಯಲ್ಲಿ ಕೈಯೊಡ್ಡಿ ಕೂತಿರುವ ಮಂಗಗಳೇ ಬೇರೆ. ಯಾವುದಕ್ಕೂ ತಿಂಡಿ ಹಾಕಬೇಡಿ, ರಸ್ತೆಗೆ ಇಳಿಯುವ ಅಭ್ಯಾಸವಾಗಿ ಗಾಡಿಗೆ ಸಿಕ್ಕಿ ಸಾಯುತ್ತವೆ. ಸಿಂಗಳೀಕ ನೋಡಬೇಕಾದರೆ ನಿಧಾನ ಹೋಗಿ, ಸುಮ್ನೆ ಕಿವಿಗೊಡಿ. ಎಲೆ ಅಲ್ಲಾಡುವುದು, ಹಣ್ಣಿನ ಸಿಪ್ಪೆ ಕೆಳಗೆ ಉದುರುವುದು ಮೊದಲು ಗೊತ್ತಾಗುತ್ತದೆ. ನಮಗೆ ಸಿಂಗಳೀಕ ಕಾಣಲಿಲ್ಲ, ಕೆಂದಳಿಲು ಮಾತ್ರ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಉದ್ದಕ್ಕೆ ಹಾರಿ ಹೋಯಿತು. ಮಕ್ಕಳಿಗೆ ಅಷ್ಟೇ ಸಾಕಾಯಿತು.

ಕೂಡ್ಲು ತೀರ್ಥಕ್ಕೆ ಅರ್ಧ ದಿನ ಇಡಿ. ಹೆಬ್ರಿಯಿಂದ ಸುಮಾರು 20 ಕಿ.ಮೀ., ಕೊನೆಯ ಭಾಗದ ರಸ್ತೆ ಕಿರಿದು, ಎದುರು ಗಾಡಿ ಬಂದರೆ ಯಾರಾದರೂ ಹಿಂದೆ ಹೋಗಲೇಬೇಕು. ಅರಣ್ಯ ಇಲಾಖೆಯ ಗೇಟಿನಲ್ಲಿ ಶುಲ್ಕ ಕಟ್ಟಿ, ಬ್ಯಾಗು ತೋರಿಸಿ ಒಳಗೆ ಹೋಗಬೇಕು. ಗಾಡಿ ಬಿಟ್ಟ ಮೇಲೆ ನಡಿಗೆ. ತೋಟ, ಗದ್ದೆ ಮುಗಿದು ದೊಡ್ಡ ಮರಗಳು ಶುರುವಾದ ಕೂಡಲೇ ಗಾಳಿ ತಂಪಾಗುತ್ತದೆ, ದಾರಿಯಲ್ಲಿ ಬೇರುಗಳೇ ಮೆಟ್ಟಿಲು. ವಯಸ್ಸಾದವರು ಕೋಲು ಹಿಡಿದು ನಿಧಾನ ನಡೆಯಬಹುದು, ಮಂಡಿನೋವು ಇದ್ದವರಿಗೆ ಇಳಿಯುವಾಗ ಕಷ್ಟ.

ಜಲಪಾತ ಸುಮಾರು 126 ಅಡಿ ಅಂತ ಹೇಳುತ್ತಾರೆ. ಎದುರಿಗೆ ಬಂದು ನಿಂತಾಗ ಲೆಕ್ಕ ಯಾರಿಗೂ ನೆನಪಾಗಲಿಲ್ಲ. ಕರಿಬಂಡೆಯ ಗೋಡೆಯಿಂದ ನೀರು ನೇರ ಕೆಳಗೆ, ಅದರ ಬುಡದಲ್ಲಿ ಹಸಿರು ಗುಂಡಿ, ಸುತ್ತಲೂ ಎದ್ದು ನಿಂತ ಕಾಡು, ಮಾತಾಡಿದರೆ ಪಕ್ಕದವರಿಗೂ ಕೇಳುವುದಿಲ್ಲ. ದಡದ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟರೆ ಸ್ವಲ್ಪ ಹೊತ್ತಿಗೆ ಬೆರಳುದ್ದದ ಮೀನುಗಳು ಬಂದು ಹಿಮ್ಮಡಿ ಕಚ್ಚತೊಡಗುತ್ತವೆ. ನೋವಿಲ್ಲ, ಕಚಗುಳಿ. ನೀರು ಮಾತ್ರ ಮಧ್ಯಾಹ್ನವೂ ಕೊರೆಯುತ್ತದೆ. ಈಜು ಬಂದರೂ ಬೀಳುವ ನೀರಿನ ಕೆಳಗೆ ಹೋಗಬೇಡಿ, ಅಲ್ಲಿ ಆಳವೂ ಇದೆ, ಮೇಲಿಂದ ಕಲ್ಲು ಉರುಳುವುದೂ ಇದೆ. ನಡೆಯುವಾಗ ಒಣಗಿದ ಬೂದು ಕಲ್ಲಿನ ಮೇಲೆ ಕಾಲಿಡಿ. ಒದ್ದೆಯಾಗಿ ಕಪ್ಪಾಗಿ ಹೊಳೆಯುವ ಕಲ್ಲಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಪಾಚಿ ಇರುತ್ತದೆ.

ಇಂಬಳದ ವಿಷಯ. ಡಿಸೆಂಬರ್ ತನಕ ಒದ್ದೆ ಜಾಗಗಳಲ್ಲಿ ಇದ್ದೇ ಇರುತ್ತವೆ. ಉದ್ದ ಸಾಕ್ಸ್ ಹಾಕಿ ಪ್ಯಾಂಟನ್ನು ಅದರೊಳಗೆ ಸಿಕ್ಕಿಸಿ. ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿಕೊಂಡು, ಕಚ್ಚಿದಲ್ಲಿಗೆ ಮುಟ್ಟಿಸಿದರೆ ಬಿಟ್ಟು ಬೀಳುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಹೆದರಬೇಕಾಗಿಲ್ಲ. ಇಂಬಳಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ಉಣ್ಣಿಗೆ. ಡಿಸೆಂಬರ್‌ನಿಂದ ಮೇ ತನಕ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ, ಅದು ಹರಡುವುದು ಈ ಉಣ್ಣಿಗಳಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದದ್ದು, ಘಾಟಿಯ ಮೇಲಿನ ತೀರ್ಥಹಳ್ಳಿ ಕಡೆ ಇವತ್ತಿಗೂ ಇದೆ. ತರಗೆಲೆಯ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ, ಮನೆಗೆ ಬಂದು ಬಿಸಿನೀರಲ್ಲಿ ಮೈ ತೊಳೆದು ಬಟ್ಟೆ ಒಗೆಯಲು ಹಾಕಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಒಂದೇ ದಿನದಲ್ಲಿ ಜೋಮ್ಲು, ಕೂಡ್ಲು, ಆಗುಂಬೆಯ ಒನಕೆ ಅಬ್ಬಿ, ಜೋಗಿಗುಂಡಿ ಜಲಪಾತಗಳು, ಸೂರ್ಯಾಸ್ತ ಎಲ್ಲ ಮುಗಿಸುವ ಪಟ್ಟಿಗಳು ಓಡಾಡುತ್ತಿರುತ್ತವೆ. ಹಾಗೆ ಹೋದರೆ ಕಾರಿನ ಕಿಟಕಿ ಬಿಟ್ಟು ಬೇರೇನೂ ನೋಡಿದಂತಾಗುವುದಿಲ್ಲ. ಆಗುಂಬೆಗೆ ಇನ್ನೊಂದು ದಿನ ಇಡಿ. ಉಳಿಯುವುದಾದರೆ ಹೊಳೆಯ ದಡದಲ್ಲೇ ಸೀತಾನದಿ ಪ್ರಕೃತಿ ಶಿಬಿರ ಇದೆ, ಮೊದಲೇ ಬುಕ್ ಮಾಡಬೇಕು.

ಮಂಗಳೂರಿಗೆ ವಾಪಸ್ ಹೋಗುವವರು ಕಾರ್ಕಳ ದಾರಿಯಲ್ಲಿ ವರಂಗದ ಕೆರೆ ಬಸದಿ ನೋಡಿಕೊಂಡು ಹೋಗಬಹುದು. ಕೆರೆಯ ನಡುವೆ ಇರುವ ಬಸದಿಗೆ ದೋಣಿಯಲ್ಲೇ ಹೋಗಬೇಕು. ಕತ್ತಲಾದ ಮೇಲೆ ದೋಣಿ ಇಲ್ಲ, ಆದ್ದರಿಂದ ಕೂಡ್ಲುವಿನಿಂದ 2 ಗಂಟೆಗಾದರೂ ಹೊರಡಿ.