ಪ್ವೋ ಕುಣಿಯುವಾಗ ಡೋಲಿನವರನ್ನೂ ನೋಡಿ

ಆಫ್ರಿಕಾದ ಚೋಕ್ವೆ ಜನರ ಕುಣಿತ ಅಂದ ಕೂಡಲೇ ಎಲ್ಲರೂ ಮುಖವಾಡದ ಫೋಟೊ ಕಳಿಸುತ್ತಾರೆ. ಜಾಂಬಿಯಾದ ವಾಯವ್ಯ ಮೂಲೆಯಲ್ಲಿ, ಅಂಗೋಲಾ ಗಡಿಯ ಕಡೆ ನಾನು ಈ ಕುಣಿತ ನೋಡಿದಾಗ ಮಾತ್ರ ಕಣ್ಣು ಹೋಗಿದ್ದು ಡೋಲುಗಳ ಮೇಲೆ. ಚಿಕ್ಕಂದಿನಲ್ಲಿ ಮೃದಂಗ ಕಲಿತವನ ಚಾಳಿ, ಏನು ಮಾಡೋದು!

ಉದ್ದನೆಯ ಡೋಲಿಗೆ ಅಲ್ಲಿ ಙೋಮಾ ಅನ್ನುತ್ತಾರೆ. ಚರ್ಮದ ನಡುವೆ ಕರಿ ಮೇಣದ ಬಿಲ್ಲೆ ಮೆತ್ತಿರುತ್ತಾರೆ, ನಾವು ಮೃದಂಗದ ಎಡಗಡೆಗೆ ರವೆ ಮೆತ್ತುವ ಹಾಗೇ. ಶ್ರುತಿ ಇಳಿಸೋಕೆ ಮೇಣ, ಏರಿಸೋಕೆ ಬೆಂಕಿಯ ಕಾವು. ಡೋಲಿನವನೊಬ್ಬ ಉರಿಯ ಪಕ್ಕ ಡೋಲು ತಿರುಗಿಸುತ್ತಾ, ಬೆರಳಲ್ಲಿ ತಟ್ಟಿ ತಟ್ಟಿ ಕೇಳುತ್ತಿದ್ದ. ಯಾರು ಕರೆದರೂ ತಿರುಗಿ ನೋಡಲಿಲ್ಲ. ಚರ್ಮವೇ ಇಲ್ಲದ ಇನ್ನೊಂದು ವಾದ್ಯವೂ ಇದೆ, ಚಿಂಗುವು. ಒಂದೇ ಮರದ ದಿಮ್ಮಿಯನ್ನು ಮೇಲಿನ ಸಣ್ಣ ಸೀಳಿನಿಂದಲೇ ಒಳಗೆಲ್ಲ ಟೊಳ್ಳು ಮಾಡುತ್ತಾರೆ. ಅಷ್ಟು ಕಿರಿದಾದ ಬಾಯಲ್ಲಿ ಉಳಿ ಹೇಗೆ ಆಡಿಸುತ್ತಾರೋ!

ಆಮೇಲೆ ಮುಖವಾಡ ತೊಟ್ಟ ಪ್ವೋ ಬಂದಳು. ಬಂದಳು ಅಂದರೂ ಒಳಗಿರೋದು ಗಂಡಸು. ಪ್ವೋ ಅಂದರೆ ಆ ಕುಲದ ಮೂಲ ಹೆಣ್ಣು, ಪೂರ್ವಜೆ. ಮೈಗೆ ಹೆಣೆದ ಬಲೆಯ ಉಡುಪು, ಹಣೆಯಲ್ಲಿ ಶಿಲುಬೆಯಂಥ ಗುರುತು, ಕಣ್ಣ ಕೆಳಗೆ ಕಣ್ಣೀರಿನ ಗೆರೆ. ಮುಖವಾಡ ಕೆತ್ತಿದವನಿಗೆ ಕುಣಿಯುವವನು ಹಿಂದೆ ಲೋಹದ ಉಂಗುರ ಕೊಡುತ್ತಿದ್ದನಂತೆ, ವಧುದಕ್ಷಿಣೆಯ ಲೆಕ್ಕದಲ್ಲಿ. ಅಂದರೆ ಅವಳ ಜೊತೆ ಮದುವೆನೇ ಆದ ಹಾಗೆ, ಅಲ್ವಾ?

ಇಂಥ ಮುಖವಾಡಗಳಿಗೆ ಮಕಿಶಿ ಅನ್ನುತ್ತಾರೆ. ಹುಡುಗರನ್ನು ಊರಾಚೆ ಬಿಡಾರದಲ್ಲಿಟ್ಟು ದೊಡ್ಡವರನ್ನಾಗಿ ಮಾಡುವ ಮುಕಾಂಡಾಕ್ಕೂ ಇವುಗಳಿಗೂ ನಂಟು. ಬಿಡಾರ ಮುಗಿದ ಮೇಲೆ ಕುಣಿತದ ಸಂಭ್ರಮ. ಅಲ್ಲಿನ ಲುವಾಲೆ, ಲುಚಾಜಿ, ಮ್ಬುಂಡಾ ಜನರಲ್ಲೂ ಇದು ಉಂಟು. ಜಾಂಬಿಯಾದ ಮಕಿಶಿ ಕುಣಿತವನ್ನು ಯುನೆಸ್ಕೊ 2005ರಲ್ಲೇ ಗುರುತಿಸಿದೆ.

ಪ್ವೋ ಹೆಜ್ಜೆ ಸಣ್ಣದು. ಆಟವೆಲ್ಲ ಸೊಂಟದಲ್ಲಿ. ಹೆಂಗಸರು ಒಬ್ಬಳು ಎತ್ತಿದ ಸಾಲಿಗೆ ಎಲ್ಲರೂ ಸೇರಿ ಉತ್ತರ ಹಾಡುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ, ಕುಣಿತ ಚೆನ್ನಾಗಿದ್ದರೆ ತಾವೂ ಇಳಿಯುತ್ತಾರೆ. ಹೆಣ್ಣಿನ ನಡೆಯನ್ನು ಗಂಡಸು ಸರಿಯಾಗಿ ಆಡಿದನಾ ಅಂತ ಅವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಒಂದು ತಕರಾರು ಮಾತ್ರ ಇದೆ. ಯಾರೋ ದೊಡ್ಡ ಸ್ಪೀಕರ್ ತಂದಿಟ್ಟಿದ್ದರು. ಮೈಕಿನ ಅಬ್ಬರದಲ್ಲಿ ಮೇಣದ ಡೋಲಿನ ದಪ್ಪ ದನಿ ಮುಳುಗೇ ಹೋಯಿತು. ನೀವು ಹೋದರೆ ಗಣ್ಯರ ಕುರ್ಚಿ ಸಾಲು ಬಿಟ್ಟು ಡೋಲಿನವರ ಬೆನ್ನ ಹಿಂದೆ ನಿಲ್ಲಿ. ಧೂಳು ಜಾಸ್ತಿ, ಆದರೆ ಕುಣಿಯುವವರು ನೋಡೋದೂ ಆ ಕಡೆಗೇ.