ಲಾವೋದ ಗೋಡೆಗಳು, ಅಪ್ಪನ ವಿಚಾರಣೆ

5 ಅಕ್ಟೋಬರ್ 2024, ಶನಿವಾರ
ಲೋಸಾನ್, ಸ್ವಿಟ್ಜರ್ಲೆಂಡ್

ಮಳೆ ಇಂದು ಬಿಡುವು ಕೊಟ್ಟಿತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಚೀಲಕ್ಕೆ ತುರುಕಿಕೊಂಡು ರೈಲು ಹತ್ತಿ ಸಾಂ ಸಫೊರಾಂ ಎಂಬ ಪುಟ್ಟ ಊರಿನಲ್ಲಿ ಇಳಿದೆ. ಅಲ್ಲಿಂದ ಲುಟ್ರಿಯವರೆಗೆ ಲೆಮಾಂ ಸರೋವರದ ಮಗ್ಗುಲಲ್ಲಿ, ಲಾವೋದ ದ್ರಾಕ್ಷಿ ತೋಟಗಳ ನಡುವೆ ಸುಮಾರು ಹನ್ನೊಂದು ಕಿಲೋಮೀಟರ್ ನಡಿಗೆ. ಇಲ್ಲಿನ ಹಳದಿ ಫಲಕಗಳು ದೂರ ಹೇಳುವುದಿಲ್ಲ, ಹೊತ್ತು ಹೇಳುತ್ತವೆ. ಲುಟ್ರಿಗೆ ಮೂರು ಗಂಟೆ ಚಿಲ್ಲರೆ. ನನಗೆ ಐದೂವರೆ ಹಿಡಿಯಿತು. ತಪ್ಪು ಅಪ್ಪನದು.

ರಿವಾ ದಾಟಿ ದೆಜಲೆಯ ಇಳಿಜಾರಿಗೆ ಬಂದಾಗ ವಿಡಿಯೊ ಕರೆ ಮಾಡಿದೆ. ವಿಜಯಪುರದಲ್ಲಿ ಆಗ ಮಧ್ಯಾಹ್ನ ಎರಡೂವರೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ನಡೆದಿದ್ದರಿಂದ ಅಪ್ಪ ನಮ್ಮ ದ್ರಾಕ್ಷಿ ತೋಟದಲ್ಲೇ ಇದ್ದರು. ನಾನು ಮೊಬೈಲನ್ನು ಸರೋವರದ ಕಡೆ, ಅದರಾಚೆಯ ಫ್ರಾನ್ಸಿನ ಬೆಟ್ಟಗಳ ಕಡೆ ತಿರುಗಿಸಿದೆ.

"ನೀರು ಆಮೇಲೆ ತೋರಿಸು ತಾಯಿ, ಬುಡ ತೋರಿಸು."

ತೋರಿಸಿದೆ. ಗೊನೆಗಳು ಮೊಣಕಾಲಿನ ಎತ್ತರದಲ್ಲಿ ಜೋತುಬಿದ್ದಿದ್ದವು. ನಮ್ಮಲ್ಲಿ ಹಂದರದ ಕೆಳಗೆ ನಿಂತು ತಲೆಯೆತ್ತಿ ಕತ್ತರಿ ಆಡಿಸುತ್ತೇವೆ; ಇಲ್ಲಿ ದಿನವಿಡೀ ಬಗ್ಗಿರಬೇಕು. "ನಮಗೆ ಕುತ್ತಿಗೆ, ಅವರಿಗೆ ಸೊಂಟ" ಎಂದು ಅಪ್ಪ ತೀರ್ಪು ಕೊಟ್ಟರು. ವರ್ಷಕ್ಕೆ ಒಂದೇ ಚಾಟ್ನಿ ಎಂದಾಗ ಮಾತ್ರ ಅವರಿಗೆ ಹೊಟ್ಟೆಕಿಚ್ಚಾಯಿತು. ಇಲ್ಲಿ ಚಳಿಗೆ ಬಳ್ಳಿ ಎಲೆಯುದುರಿಸಿ ತಾನಾಗಿಯೇ ಮಲಗುತ್ತದೆ, ಚಳಿಗಾಲ ಮುಗಿಯುವ ಹೊತ್ತಿಗೆ ಒಮ್ಮೆ ಕತ್ತರಿಸಿದರೆ ಆಯಿತು. ನಮ್ಮ ಬಿಸಿಲಿನಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಏಪ್ರಿಲ್‌ನಲ್ಲಿ ಕಡ್ಡಿಗೆ ಒಮ್ಮೆ, ಅಕ್ಟೋಬರ್‌ನಲ್ಲಿ ಹಣ್ಣಿಗೆ ಒಮ್ಮೆ.

ಕೊಯ್ಲಿನವರು ಹತ್ತಿರದಲ್ಲೇ ಇದ್ದರು. ಹಣ್ಣು ತುಂಬಿದ ಕ್ರೇಟುಗಳನ್ನು ಒಂಟಿ ಹಳಿಯ ಪುಟ್ಟ ಗಾಡಿಯೊಂದು ಗುರುಗುಟ್ಟುತ್ತ ಮೇಲಕ್ಕೆಳೆಯುತ್ತಿತ್ತು. ಅವರಲ್ಲೊಬ್ಬರು ನನಗೊಂದು ಗೊನೆ ಕೊಟ್ಟರು. ಷಸ್ಲಾ ತಳಿ. ತೆಳು ಸಿಪ್ಪೆ, ಹೊನ್ನಿನ ಬಣ್ಣ, ಒಳಗೆ ಬೀಜ. "ಬೀಜ ಇದ್ದರೆ ಮಣೂಕಕ್ಕೆ ಯಾರು ಕೇಳುತ್ತಾರೆ" ಎಂದರು ಅಪ್ಪ. ಮಣೂಕ ಎಂದರೆ ನಮ್ಮ ಕಡೆ ಒಣದ್ರಾಕ್ಷಿ. ಈ ಗುಡ್ಡಕ್ಕೆ ಹೆಲಿಕಾಪ್ಟರಿನಿಂದ ಔಷಧ ಹೊಡೆಯುವುದೂ ಉಂಟು ಎಂದು ನಾನು ಹೇಳಿದ್ದೇ ತಪ್ಪಾಯಿತು. ಪಕ್ಕದ ತೋಟದವರನ್ನೆಲ್ಲ ಕೂಗಿ ಕರೆದು ಇನ್ನೊಮ್ಮೆ ಹೇಳಿಸಿದರು.

ಆಮೇಲೆ ಗೋಡೆಗಳ ಸರದಿ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಕ್ರೈಸ್ತ ಮಠದ ಸನ್ಯಾಸಿಗಳು ಈ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕಲ್ಲು ಕಟ್ಟಿಸಿದರು. ಲಾವೋಗೆ ಮೂರು ಸೂರ್ಯರು ಎನ್ನುತ್ತಾರೆ: ಆಕಾಶದ್ದೊಂದು, ಸರೋವರದಿಂದ ಮರಳಿ ಹೊಡೆಯುವುದೊಂದು, ಹಗಲಿನ ಬಿಸಿಯನ್ನು ರಾತ್ರಿಗೆ ಕೂಡಿಟ್ಟುಕೊಳ್ಳುವ ಗೋಡೆ ಮತ್ತೊಂದು. ಎಪೆಸ್‌ ಬಳಿ ಊಟಕ್ಕೆ ಕುಳಿತಾಗ ಕಲ್ಲಿಗೆ ಅಂಗೈ ಒತ್ತಿದೆ. ತವೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ರೊಟ್ಟಿಯಷ್ಟು ಬೆಚ್ಚಗಿತ್ತು. ಅಡಿಯ ತೂತಿನಿಂದ ಮಳೆಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅಪ್ಪನ ಕಣ್ಣು ಅಲ್ಲೇ ನಿಂತಿತು. ಈ ಸಲದ ಮಳೆಗೆ ನಮ್ಮ ಹೊಲದ ಒಡ್ಡು ಮತ್ತೆ ಕಿತ್ತುಹೋಗಿದೆ.

ರಿಯೆ, ಗ್ರಾಂವೋ ಊರುಗಳನ್ನು ಬೇಗ ದಾಟಿದೆ. ದಾರಿಯ ಬಹುಪಾಲು ಡಾಂಬರು, ಕಾಂಕ್ರೀಟು. ಚಿತ್ರಗಳಲ್ಲಿ ಅದು ಕಾಣುವುದಿಲ್ಲ, ಮೊಣಕಾಲಿಗೆ ಗೊತ್ತಾಗುತ್ತದೆ. ಇಷ್ಟೊಂದು ಚೆಲುವಾದ ಜಾಗದಲ್ಲಿ ಬಂಗಲೆಗಳು ಏಕೆ ಏಳಲಿಲ್ಲ ಎಂದು ಅಪ್ಪ ಕೇಳಿದ್ದರು. 1977ರಲ್ಲಿ ವೋ ಪ್ರಾಂತ್ಯದ ಜನ ಮತ ಹಾಕಿ ಲಾವೋವನ್ನು ಕಟ್ಟಡಗಳಿಂದ ಉಳಿಸಿಕೊಂಡರು. ಯುನೆಸ್ಕೊ ಪಟ್ಟಿಗೆ ಸೇರಿದ್ದು ಮೂವತ್ತು ವರ್ಷ ಕಳೆದು, 2007ರಲ್ಲಿ. ನಮ್ಮ ರಸ್ತೆ ಬದಿಯ ಎಷ್ಟು ತೋಟಗಳು ಎನ್‌.ಎ. (ಕೃಷಿಯೇತರ ಜಮೀನು) ಆಗಿ ಸೈಟುಗಳಾದವೆಂದು ಅಪ್ಪನೂ ಎಣಿಸಲಿಲ್ಲ, ನಾನೂ ಕೇಳಲಿಲ್ಲ.

ಲುಟ್ರಿಯಲ್ಲಿ ದಡದ ಬೆಂಚಿನ ಮೇಲೆ ಕುಳಿತು ಒಂದು ಲೋಟ ಷಸ್ಲಾ ವೈನ್ ಕುಡಿದೆ. ಆಗ ಮೊಬೈಲ್ ಚೀಲದೊಳಗಿತ್ತು. ನವರಾತ್ರಿ ಬೇರೆ.

ರಾತ್ರಿ ಅಪ್ಪನ ಸಂದೇಶ ಬಂತು: "ಗೋಡೆಯ ತೂತು ಎಷ್ಟು ದೊಡ್ಡದು? ಒಂದಕ್ಕೊಂದು ಎಷ್ಟು ದೂರ?"

ಮುಷ್ಟಿ ಹಿಡಿಸುತ್ತದೆ, ದೂರ ಅಳೆದಿಲ್ಲ ಎಂದು ಬರೆದೆ. ಮುಂದಿನ ಶನಿವಾರ ಟೇಪು ತೆಗೆದುಕೊಂಡು ಹೋಗಬೇಕಂತೆ.