ಶೇಂಗಾ ಕಿತ್ತ ಮೇಲೆ ಬದು

ಚಳ್ಳಕೆರೆ ಕಡೆಯ ಹಳ್ಳಿಗಳಲ್ಲಿ ಜಲಾನಯನ ಕೆಲಸ, ಅಂದರೆ ಮಳೆನೀರು, ಮಣ್ಣು ಹರಿದು ಹೋಗದಂತೆ ತಡೆಯುವ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದರಲ್ಲಿದ್ದೇನೆ. ಹೊಸದಾಗಿ ಸೇರಿದವರು ಮೊದಲು ಕೇಳುವುದು, ಕಂಪನಿಗಳಿಂದ ದುಡ್ಡು ಕೇಳುವ ಪ್ರಪೋಸಲ್ ಬರೆಯುವುದು ಹೇಗೆ ಅಂತ. ನಾನು ತಿರುಗಿ ಕೇಳುವುದು, ಆ ಊರಲ್ಲಿ ಶೇಂಗಾ ಕಿತ್ತು ಮುಗಿಯುವುದು ಯಾವಾಗ ಅಂತ.

ಬದು ಹಾಕಬೇಕು, ಕೃಷಿ ಹೊಂಡ ತೋಡಬೇಕು ಅಂದರೆ ಹೊಲ ಖಾಲಿ ಇರಬೇಕು, ಅಲ್ವಾ? ನಮ್ಮ ಕಡೆ ಮಳೆ ನಂಬಿದ ಶೇಂಗಾ ಜುಲೈ ಹೊತ್ತಿಗೆ ಬಿತ್ತನೆ, ಕೀಳುವುದು ನವೆಂಬರ್ ಆಸುಪಾಸು. ಆಮೇಲೆ ಕೆಲವರು ಗೊಬ್ಬರಕ್ಕೆ ಅಂತ ಕುರಿಮಂದೆ ನಿಲ್ಲಿಸುತ್ತಾರೆ. ಮಣ್ಣಿನ ಕೆಲಸಕ್ಕೆ ಸರಿಯಾಗಿ ಸಿಗುವುದು ಜನವರಿಯಿಂದ ಮೇವರೆಗೆ.

ಸಿಎಸ್‌ಆರ್ ದುಡ್ಡಿನ, ಅಂದರೆ ಕಂಪನಿಗಳು ಕಾನೂನಿನ ಪ್ರಕಾರ ಸಮಾಜದ ಕೆಲಸಕ್ಕೆ ಕೊಡುವ ಹಣದ ಲೆಕ್ಕವೇ ಬೇರೆ. ಏಪ್ರಿಲ್‌ನಲ್ಲಿ ವರ್ಷ ಶುರು, ಆಮೇಲೆ ಸಮಿತಿ, ಬೋರ್ಡು, ಒಪ್ಪಂದ ಅಂತ ಓಡಾಡಿ ಮೊದಲ ಕಂತು ಕೈಗೆ ಬರುವಾಗ ಹೊಲದಲ್ಲಿ ಬೆಳೆ ನಿಂತಿರುತ್ತದೆ, ಖರ್ಚು ಮಾತ್ರ ಮಾರ್ಚ್ 31ರೊಳಗೆ ತೋರಿಸಬೇಕು. ಆಗ ಏನಾಗುತ್ತದೆ ಅಂದರೆ, ಯಾರ ಹೊಲಕ್ಕೂ ಕೈ ಹಾಕದೆ ಹಳ್ಳದಲ್ಲಿ ಒಂದು ಚೆಕ್ ಡ್ಯಾಮ್ ಕಟ್ಟಿ ಫೋಟೊ ಕಳಿಸಿಬಿಡುತ್ತಾರೆ. ಮೇಲೆ ಗುಡ್ಡದಲ್ಲಿ ನೀರು, ಮಣ್ಣು ತಡೆಯುವ ಒಂದು ಟ್ರೆಂಚೂ (ಉದ್ದದ ಗುಂಡಿ) ಇಲ್ಲ. ಮಳೆ ಬಂದಾಗ ಹೂಳೆಲ್ಲ ಡ್ಯಾಮಿಗೇ.

ಇದಕ್ಕೆ ಕಾನೂನಿನಲ್ಲೇ ದಾರಿ ಇದೆ, ಕೇಳುವವರು ಕಡಿಮೆ. ಕಂಪನಿ ಕಾಯ್ದೆಯ 135ನೇ ಸೆಕ್ಷನ್‌ಗೆ 2021ರ ಜನವರಿಯಿಂದ ಜಾರಿಗೆ ಬಂದ ಬದಲಾವಣೆ ಪ್ರಕಾರ, ಬೋರ್ಡು ಒಂದು ಕೆಲಸವನ್ನು ಹಲವು ವರ್ಷದ ಯೋಜನೆ ಅಂತ ಒಪ್ಪಿಕೊಂಡರೆ, ಉಳಿದ ಹಣವನ್ನು ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿ, ಮುಂದಿನ 3 ಹಣಕಾಸು ವರ್ಷಗಳಲ್ಲಿ ಖರ್ಚು ಮಾಡಬಹುದು. ಹಾಗೆ ಒಪ್ಪಿಕೊಳ್ಳದಿದ್ದರೆ ಉಳಿದದ್ದು ಪ್ರಧಾನಿ ಪರಿಹಾರ ನಿಧಿಯಂಥ ಕಡೆ ಹೋಗುತ್ತದೆ. ನಮಗೆ ಏಪ್ರಿಲ್, ಮೇ ಬೇಕೇ ಬೇಕು. ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಇದನ್ನು ಬಾಯಿಬಿಟ್ಟು ಕೇಳಬೇಕು.

ಬೆಳೆ ನಿಂತಿರುವ ತಿಂಗಳುಗಳಲ್ಲಿ ಸುಮ್ನೆ ಕೂರುವುದಿಲ್ಲ. ಊರ ಕಟ್ಟೆ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಹಾಕಿಸುತ್ತೇವೆ. ಒಂದೂರಲ್ಲಿ ಗೋಮಾಳದ ಮೇಲೆ ಉದ್ದಕ್ಕೆ ಟ್ರೆಂಚಿನ ಗೆರೆ ಎಳೆದಾಗ, ಅಲ್ಲಿವರೆಗೆ ಬಾಯಿ ಬಿಡದೆ ನಿಂತಿದ್ದ ಕುರಿಗಾಹಿಯೊಬ್ಬರು ಕೋಲಿನಿಂದಲೇ ಆ ಗೆರೆಯನ್ನು ಎರಡು ಕಡೆ ಅಳಿಸಿದರು. "ಇಲ್ಲಿ ಕುರಿ ಇಳೀತಾವೆ, ಬಿಡಬೇಕು." ಬಿಟ್ಟೆವು. ಬಿಡದಿದ್ದರೆ ಅವರೇ ಮಣ್ಣು ತುಂಬಿ ದಾರಿ ಮಾಡಿಕೊಳ್ಳುತ್ತಿದ್ದರು, ಅದು ತಪ್ಪೂ ಅಲ್ಲ.

ಜಾಸ್ತಿ ಜಗಳ ಬರುವುದು ಬದುವಿನಲ್ಲಿ. ಎಂಜಿನಿಯರ್ ಸಮಪಾತಳಿ ಬದು ಹಾಕಿ ಅನ್ನುತ್ತಾರೆ, ಇಳಿಜಾರಿಗೆ ಅಡ್ಡವಾಗಿ. ನೀರು ನಿಲ್ಲಿಸಲು ಅದೇ ಸರಿ. ಆದರೆ ಎರಡು ಎಕರೆ ಇರುವವನ ಹೊಲದ ನಡುವೆ ಅದು ಓರೆಯಾಗಿ ಹಾದುಹೋದರೆ ನೇಗಿಲು ತಿರುಗಿಸುವುದೇ ಕಷ್ಟ, ಒಂದು ಪಟ್ಟಿ ನೆಲವೂ ಹೋಗುತ್ತದೆ. ಅವನಿಗೆ ಬೇಕಾದ್ದು ಗಡಿಯ ಮೇಲಿನ ಬದು. ನಾವು ಈಗ ಗಡಿ ಬದುವಿಗೇ ಒಪ್ಪುತ್ತೇವೆ. ನೀರು ಜಾಸ್ತಿ ಸೇರುವ ಮೂಲೆಯಲ್ಲಿ ಕಲ್ಲು ಜೋಡಿಸಿ ಕೋಡಿ ಬಿಡುತ್ತೇವೆ. ನೀರು ಸ್ವಲ್ಪ ಕಡಿಮೆ ಇಂಗಬಹುದು, ಆದರೆ ರೈತ ಒಪ್ಪದ ಬದು ಮುಂದಿನ ಉಳುಮೆಯಲ್ಲಿ ಮಾಯ. ಈ ಮಾತುಕತೆ ಮನೆ ಮನೆಗೆ ಹೋಗಿ ಆಗಬೇಕು, ಅಣ್ಣತಮ್ಮಂದಿರ ಪಾಲಿನ ತಕರಾರೂ ಇಲ್ಲೇ ಹೊರಗೆ ಬರುತ್ತದೆ, ತಿಂಗಳುಗಳು ಹಿಡಿಯುತ್ತದೆ.

ಕಂಪನಿಯವರಿಗೆ ಸೆಪ್ಟೆಂಬರ್‌ನಲ್ಲೇ ಉದ್ಘಾಟನೆ ಬೇಕು, ಬ್ಯಾನರ್ ಹಿಂದೆ ಹಸಿರು ಕಾಣುತ್ತದೆ. ಬರಲಿ, ಊಟ ಹಾಕೋಣ. ಆದರೆ ಬಜೆಟ್‌ನಲ್ಲಿ ಮೊದಲ ಕಂತು ಸಿಬ್ಬಂದಿ ಸಂಬಳ ಮತ್ತು ಸಭೆಗಳಿಗೆ ಮಾತ್ರ, ಮಣ್ಣಿನ ಕೆಲಸದ ಕಂತು ಜನವರಿಗೆ ಅಂತ ಬರೆಸಿಕೊಳ್ಳಿ. ಫೈನಾನ್ಸ್ ವಿಭಾಗದವರು "ಆರು ತಿಂಗಳು ಬರೀ ಮೀಟಿಂಗಾ?" ಅಂತ ಫೋನ್ ಮಾಡೇ ಮಾಡುತ್ತಾರೆ. ಹೌದು ಸರ್, ಬರೀ ಮೀಟಿಂಗು.